ಜೋಕಾಲಿಯ ಮೇಲಿನ ಹಾಜರಿ

ಹುಬ್ಬಳ್ಳಿಗೆ ಬಂದಿಳಿದ ದಿನ ನನಗೆ ಆ ಊರು ಕಿಂಚಿತ್ತೂ ಹಿಡಿಸಲಿಲ್ಲ. ಆಗಿನ್ನೂ ಬ್ರಿಟಿಷರ ಕಾಲ. ಮಹಾರಾಜರ ಮೈಸೂರು ಒಂದು ದೇಶ, ಮುಂಬಯಿ ಪ್ರಾಂತ್ಯದ ಹುಬ್ಬಳ್ಳಿ ಇನ್ನೊಂದು ದೇಶ. ನಮ್ಮ ಮನೆಯವರಂತೂ ಸಮುದ್ರದಾಚೆಗೆ ಕಳಿಸುವವರ ಹಾಗೆ ಅತ್ತು ಕಳಿಸಿದ್ದರು. ಮದುವೆ ಸದ್ಯಕ್ಕೆ ಬೇಡವೆಂದು ಹಟ ಹಿಡಿದು ಟೀಚರ್ ಪರೀಕ್ಷೆ ಪಾಸು ಮಾಡಿದವಳು ನಾನು. ಹೊಸದಾಗಿ ತೆರೆದ ಹೆಣ್ಣುಮಕ್ಕಳ ಶಾಲೆಗೆ ಒಬ್ಬರು ಬೇಕೆಂದು ತಿಳಿಯಿತು, ಹೊರಟು ಬಂದೆ. ಬಂದು ನೋಡಿದರೆ ಧೂಳು, ಚಕ್ಕಡಿಗಳ ಸಾಲು, ಕಣ್ಣಲ್ಲಿ ನೀರು ತರಿಸುವ ಖಾರ. ಮಾತು ಕನ್ನಡವೇ, ಆದರೂ ಮೊದಲ ವಾರ ಯಾರು ಏನಂದರೂ ತಲೆಯಾಡಿಸಿ ಪಾರಾಗುತ್ತಿದ್ದೆ.

ಶಾಲೆಯಲ್ಲಿ ಬೆಂಚಿತ್ತು, ಕರಿಹಲಗೆ ಇತ್ತು, ನಾನಿದ್ದೆ. ಹುಡುಗಿಯರು ಮಾತ್ರ ಇರಲಿಲ್ಲ. ಮಳೆಗಾಲದಲ್ಲಿ ಇನ್‌ಸ್ಪೆಕ್ಟರು ಬರುತ್ತಾರೆ, ಅಷ್ಟರೊಳಗೆ ಮಕ್ಕಳು ಸೇರದಿದ್ದರೆ ಶಾಲೆ ಮುಚ್ಚುತ್ತಾರೆ ಎಂದು ಗೊತ್ತಾದಾಗ ಒಳಗೊಳಗೇ ಖುಷಿಪಟ್ಟೆ. ಮುಚ್ಚಿದರೆ ಮೈಸೂರಿಗೆ ಹೋಗಬಹುದಲ್ಲ! ಆದರೆ ಕೂತು ಸಂಬಳ ತಿನ್ನುವುದು ನನ್ನ ಜಾಯಮಾನಕ್ಕೆ ಒಗ್ಗದು. ಮನೆಮನೆಗೆ ಹೋಗಿ ಹುಡುಗಿಯರನ್ನು ಕೇಳೋಣ, ಕಳಿಸಿದರೆ ಕಳಿಸಲಿ, ಬಿಟ್ಟರೆ ಬಿಡಲಿ ಎಂದು ಕೊಡೆ ಹಿಡಿದು ಹೊರಟೆ.

ಅಲ್ಲಿಂದಲೇ ಶುರುವಾಯಿತು ನೋಡಿ ನನ್ನ ಹುಚ್ಚು. ದುರ್ಗದಬೈಲಿನ ಒಂದು ಗಲ್ಲಿಗೆ ಹೊಕ್ಕರೆ ಖಣದ ಅಂಗಡಿಗಳು. ಕುಪ್ಪಸದ ಆ ಬಟ್ಟೆಗಳನ್ನು ಹೊರಗೆ ಇಳಿಬಿಟ್ಟಿದ್ದರು, ಗಿಳಿಹಸಿರು, ದಾಳಿಂಬೆಗೆಂಪು, ನವಿಲುನೀಲಿ. ನಾನು ಬಂದ ಕೆಲಸ ಮರೆತು ನಿಂತುಬಿಟ್ಟೆ. ಪಕ್ಕದ ಗಲ್ಲಿಯಲ್ಲಿ ಅರಳೆ ಹಿಂಜುವವರು ಬಿಲ್ಲು ಮೀಟುತ್ತಿದ್ದರು. ಬಿಸಿಲಿನಲ್ಲಿ ಹತ್ತಿಯ ಎಳೆಗಳು ತೇಲಿ ತೇಲಿ ನನ್ನ ಕೂದಲ ಮೇಲೆ ಕೂತವು. ಹೋದ ಮನೆಯಲ್ಲೆಲ್ಲ, “ಬರ್ರಿ ಅಕ್ಕೋರ, ಕೂಡ್ರಿ” ಎಂದು ಬೆಲ್ಲ ನೀರು ಕೊಡುತ್ತಿದ್ದರು. ಅಲ್ಲಿ ಹೆಣ್ಣು ಟೀಚರೆಂದರೆ ಅಕ್ಕೋರು. ಒಂದು ಮನೆಯಲ್ಲಿ ಹುಡುಗಿಯನ್ನು ಕಳಿಸಲು ಒಪ್ಪಲೇ ಇಲ್ಲ, ಆದರೆ ಊಟ ಮಾಡಿಸದೆ ನನ್ನನ್ನೂ ಕಳಿಸಲಿಲ್ಲ. ಅಂಥ ಜನ.

ನಾನು ಬಾಡಿಗೆಗಿದ್ದ ಮನೆಯ ಅಜ್ಜಿ ಒಂದು ಸಂಜೆ ನನ್ನ ಊದಿದ ಕಾಲು ನೋಡಿ ಕೇಳಿದರು:

“ಸೈಕಲ್ ಹೊಡ್ಯಾಕ ಬರ್ತೈತೇನವ್ವ ನಿನಗ?”

“ಬರುತ್ತೆ ಅಜ್ಜಿ. ಅಣ್ಣನ ಸೈಕಲ್ಲಿನಲ್ಲಿ ಕಲಿತಿದ್ದೆ. ಲಂಗ ಹಾಕೋ ವಯಸ್ಸಿನಲ್ಲಿ. ಈಗ ಸೀರೆ ಉಟ್ಟು ಹೇಗೆ ಹತ್ತಲಿ?”

ಅಜ್ಜಿ ಪೆಟ್ಟಿಗೆಯಿಂದ ತಮ್ಮದೊಂದು ಉದ್ದನೆಯ ಇಳಕಲ್ ಸೀರೆ ತೆಗೆದರು. ನನಗೆ ಉಡಿಸಿ, ಹಿಂದಕ್ಕೆ ಕಚ್ಚೆ ಬಿಗಿದು, ಬೆನ್ನು ತಟ್ಟಿದರು. “ಈಗ ಕುದರಿ ಹತ್ತು ಬೇಕಾರ.”

ದುರ್ಗದಬೈಲಿನ ಸೈಕಲ್ ಅಂಗಡಿಯ ಸಾಹೇಬರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. ಬಾಡಿಗೆ ಸೈಕಲ್ ಬೇಕೆಂದಾಗ ಅವರು ಒಮ್ಮೆ ನನ್ನನ್ನು, ಒಮ್ಮೆ ಕಚ್ಚೆಯನ್ನು ನೋಡಿ, ಗಾಳಿ ತುಂಬಿಕೊಟ್ಟರು. “ಬ್ರೇಕ್ ಸ್ವಲ್ಪ ಸಡ್ಲ ಐತ್ರಿ ಅಕ್ಕೋರ, ಇಳಿಜಾರಿನ್ಯಾಗ ಹುಷಾರ. ನಾಳಿಂದ ನಮ್ಮ ಹುಡುಗೀನೂ ಸಾಲಿಗೆ ಕಳಸ್ತೇನ್ರಿ.” ನಾನು ಬಾಯಿ ಬಿಟ್ಟು ಕೇಳಿಯೂ ಇರಲಿಲ್ಲ! ಆ ದಿನ ಅರ್ಧ ಬಜಾರು ವ್ಯಾಪಾರ ಬಿಟ್ಟು ನನ್ನನ್ನು ನೋಡಿತು. ನೋಡಲಿ ಎಂದು ಗಂಟೆ ಬಾರಿಸುತ್ತ ಹೋದೆ.

ಆಮೇಲೆ ನನ್ನನ್ನು ಹಿಡಿಯುವವರೇ ಇಲ್ಲ. ಮಕ್ಕಳನ್ನು ಹುಡುಕುವ ನೆಪ, ಊರು ಸುತ್ತುವ ಆಸೆ. ಸುಳ್ಳ ಎಂಬ ಹಳ್ಳಿಯ ದಾರಿಯಲ್ಲಿ ಎರೆಮಣ್ಣು ಗಾಲಿಗೆ ಮೆತ್ತಿ ಸೈಕಲ್ ನಿಂತೇಬಿಡುತ್ತಿತ್ತು. ಕಡ್ಡಿಯಿಂದ ಕೆರೆಯುತ್ತ ತಲೆಯೆತ್ತಿದರೆ ಕಣ್ಣು ಹಾಯುವಷ್ಟು ದೂರ ಕಪ್ಪು ನೆಲ, ಅದರ ಮೇಲೆ ಎಳೆ ಹಸಿರು, ಮೇಲೆಲ್ಲ ಆಕಾಶ. ಅಷ್ಟು ದೊಡ್ಡ ಆಕಾಶವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಒಂದು ಭಾನುವಾರ ಉಣಕಲ್ ಕೆರೆ ದಾಟಿ ಧಾರವಾಡದವರೆಗೂ ತುಳಿದೆ. ದಾರಿಯಲ್ಲಿ ಕಪ್ಪು ಮಣ್ಣು ಹೋಗಿ ಕೆಂಪು ಮಣ್ಣು ಬಂತು, ಗಾಳಿ ತಣ್ಣಗಾಯಿತು, ಹುಣಸೆಮರಗಳು ತಲೆಯ ಮೇಲೆ ಹನಿ ಉದುರಿಸಿದವು. ಯಾರೂ ಇಲ್ಲವೆಂದು ಜೋರಾಗಿ ಹಾಡಿದೆ. ಬೇಲಿಯಾಚೆ ಕಳೆ ಕೀಳುತ್ತಿದ್ದ ಹೆಂಗಸರು ಎದ್ದು ನಿಂತು ನಕ್ಕರು.

ಶ್ರಾವಣ ಬರುವಷ್ಟರಲ್ಲಿ ಬೆಂಚುಗಳು ತುಂಬಿದ್ದವು. ನನ್ನ ಮನಸ್ಸೂ ತಿರುಗಿತ್ತು. ಈಗ ಶಾಲೆ ಮುಚ್ಚಿದರೆ ಈ ಹುಡುಗಿಯರನ್ನು, ಈ ಊರನ್ನು ಬಿಟ್ಟು ಹೇಗೆ ಹೋಗಲಿ ಎನಿಸುತ್ತಿತ್ತು. ಇನ್‌ಸ್ಪೆಕ್ಟರು, ಯಾವತ್ತು ಬರಲಿ ಎಂದು ಕೇಳಿ ಕಳಿಸಿದರು. ನಾನು ನಾಗರಪಂಚಮಿಯ ಮರುದಿನ ಎಂದೆ. ನಮ್ಮ ಕಡೆ ಪಂಚಮಿಯೆಂದರೆ ಹುತ್ತಕ್ಕೆ ಹಾಲೆರೆದು, ಮಧ್ಯಾಹ್ನದ ಊಟಕ್ಕೆ ಮುಗಿಯುವ ಹಬ್ಬ. ಹುಡುಗಿಯರು ಹೆದರದಿರಲಿ ಎಂದು ಯಾರಿಗೂ ಹೇಳಲೂ ಇಲ್ಲ.

ಆ ದಿನ ಬೆಳಿಗ್ಗೆ ಶಾಲೆಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಟಾಂಗಾ ಇಳಿದ ಇನ್‌ಸ್ಪೆಕ್ಟರು ಖಾಲಿ ಬೆಂಚುಗಳನ್ನು ನೋಡಿ ರುಮಾಲು ಸರಿಮಾಡಿಕೊಂಡರು. ಧಾರವಾಡದ ಹತ್ತಿರದ ಅಮ್ಮಿನಬಾವಿ ಕಡೆಯವರು, ಮಾತು ಮೆತ್ತಗೆ, ಕೆಲಸ ಬಿಗಿ.

“ಪಂಚಮಿಯೊಳಗ ಯಾರ ಸಾಲಿಗೆ ಬರ್ತಾರ್ರಿ? ನಮ್ಮ ಕಡಿ ಇದು ಹೆಣ್ಣಮಕ್ಕಳ ಹಬ್ಬ. ಕೊಟ್ಟ ಹೆಣ್ಣಮಕ್ಕಳು ತವರಮನಿಗೆ ಬರ್ತಾರ, ದಿನಗಟ್ಲೆ ಜೋಕಾಲಿ ಆಡ್ತಾರ. ನೀವ ಬರ್ರಿ ಅಂದ್ರಿ, ನಾ ಬಂದೆ. ಆದ್ರ ಕಂಡದ್ದನ್ನ ಬರೀಬೇಕ್ರಿ ನಾನು. ಖಾಲಿ ಸಾಲಿ ಕಂಡೇನಿ.”

ನಾನು ಗೋಡೆಗೆ ಒರಗಿಸಿದ್ದ ಸೈಕಲ್ ಎಳೆದುಕೊಂಡೆ. “ಹುಡುಗಿಯರನ್ನೇ ತೋರಿಸಿದರೆ ಆದೀತೇ ಸರ್? ಟಾಂಗಾ ಹತ್ತಿ, ನನ್ನ ಸೈಕಲ್ ಹಿಂದೆ ಬನ್ನಿ.”

ಅವರು ಹತ್ತಿದರು. ನಾನು ತುಳಿದೆ ನೋಡಿ! ಯಾವ ಗಲ್ಲಿಯಲ್ಲಿ ಯಾವ ಹುಡುಗಿ ಎಂಬುದು ನನ್ನ ಕಾಲಿಗೇ ಗೊತ್ತಿತ್ತು. ಎಲ್ಲಿ ನೋಡಿದರೂ ಜೋಕಾಲಿ. ಬೇವಿನ ಮರಕ್ಕೆ ಕಟ್ಟಿದ್ದು, ದನದ ಕೊಟ್ಟಿಗೆಯ ತೊಲೆಗೆ ಕಟ್ಟಿದ್ದು. ಹೊಸ ಬಳೆ, ಹೊಸ ಖಣ, ತುಂತುರು ಮಳೆಯಲ್ಲಿ ಮೇಲಕ್ಕೂ ಕೆಳಕ್ಕೂ ಹಾರುವ ಸೆರಗು. ನಾನು ಹೆಸರು ಕೂಗಿದರೆ ಮೇಲಿನಿಂದಲೇ, “ಹಾಜರ್ರಿ ಅಕ್ಕೋರ!” ಇನ್‌ಸ್ಪೆಕ್ಟರು ಮಗ್ಗಿ ಕೇಳಿದರು. ಎರಡೊಂದ್ಲೆ ಎನ್ನುತ್ತ ಮುಂದಕ್ಕೆ ಹೋದವಳು ಎರಡು ಎನ್ನುತ್ತ ಹಿಂದಕ್ಕೆ ಬರುತ್ತಿದ್ದಳು. ಕಾಕಾನ ಮಗಳು ನೆರೆಮನೆಯ ಗೆಳತಿಯ ಜೊತೆ ಒಂದೇ ಹಲಗೆಯ ಮೇಲೆ ನಿಂತು ಜೀಕುತ್ತಿದ್ದಳು. ಹೋದ ಮನೆಯವರೆಲ್ಲ ಇನ್‌ಸ್ಪೆಕ್ಟರ ಕೈಗೆ ಉಂಡೆ ಇಟ್ಟರು, ಶೇಂಗಾದ್ದು, ಎಳ್ಳಿನದು, ಜೋಳದ ಅರಳಿನದು. ಬೇಡವೆಂದರೆ ಕೇಳುವವರಾರು? ಕೋಟಿನ ಕಿಸೆಗಳು ಉಬ್ಬಿದವು.

ಕೊನೆಗೆ ನಮ್ಮ ಮನೆಯ ಅಜ್ಜಿಯ ಹಿತ್ತಲಿಗೆ ಬಂದೆವು. ಅಲ್ಲಿಯೂ ಹುಡುಗಿಯರು ಜೋಕಾಲಿಯ ಸುತ್ತ ನೆರೆದಿದ್ದರು. ಇನ್‌ಸ್ಪೆಕ್ಟರು ಉಸಿರು ಬಿಟ್ಟು ಕಟ್ಟೆಯ ಮೇಲೆ ಕೂತರು.

“ಸಾಕ್ರಿ, ಸಾಲಿ ಉಳೀತು. ಆದ್ರ ನೀವು ಮೈಸೂರಿನವ್ರು. ಮುಂದಿನ ವರ್ಷನೂ ಇಲ್ಲೇ ಇರ್ತೀರೋ, ನಿಮ್ಮ ಊರಿಗೆ ಹೋಗ್ತೀರೋ?”

ನಾನು ಉತ್ತರ ಕೊಡುವಷ್ಟರಲ್ಲಿ ಅಜ್ಜಿಯೇ ನಡುವೆ ಬಾಯಿ ಹಾಕಿದರು.

“ಅದೇನ ಕೇಳ್ತೀರಿ ಸಾಹೇಬ್ರ? ಪಂಚಮಿಯಾಗ ಮಗಳು ತವರಮನ್ಯಾಗ ಇರಲಾರದ ಇನ್ನೆಲ್ಲಿ ಇರ್ತಾಳ?” ಎಂದವರು ನನ್ನ ಕಡೆ ತಿರುಗಿದರು. “ಏನ ನಿಂತ ನೋಡ್ತಿ? ಹತ್ತು.”

ಹತ್ತಿದೆ. ನನ್ನ ಹುಡುಗಿಯರೇ ಎರಡೂ ಕಡೆಯಿಂದ ನೂಕಿದರು. ಬೇವಿನ ಎಲೆಗಳು ಮುಖಕ್ಕೆ ತಾಗುವಷ್ಟು ಮೇಲೆ ಹೋದಾಗ ಅತ್ತುಬಿಟ್ಟೆ. ಕೆಳಗಿದ್ದವರಿಗೆ ಅದು ಮಳೆಯ ಹನಿಯಂತೆ ಕಂಡಿರಬೇಕು, ಇನ್ನೂ ಜೋರಾಗಿ ನೂಕಿದರು.