ಚಿಪ್ಪರ್ ಲೇಂಗ್‌ನ ಡ್ರಮ್ಮಿನವಳು

ಬ್ರೋಕನ್ ಹಿಲ್ ಎಂಬ ಗಣಿ ಊರಿಗೆ ಅಲ್ಲಿಯವರು ಬರೀ 'ಹಿಲ್' ಎನ್ನುತ್ತಾರೆ. ಅಲ್ಲಿ ನೋಲಾ ಟ್ರೆಲೋರ್ ಯಾರು ಎಂದು ಮಕ್ಕಳನ್ನು ಕೇಳಿದರೆ 'ಶಾಲೆ ಕ್ಯಾಂಟೀನಿನ ಅಜ್ಜಿ' ಎಂದಾರು. ತಲೆ ನರೆತವರನ್ನು ಕೇಳಿದರೆ 'ಚಿಪ್ಪರ್‌ನ ಡ್ರಮ್ಮಿನವಳು' ಎಂದಾರು. ಎರಡೂ ನಿಜವೇ. ಮೊದಲನೆಯ ಹೆಸರು ಇಪ್ಪತ್ತು ವರ್ಷ ಎಲೆಕೋಸು ಹೆಚ್ಚಿ, ಕ್ಯಾರೆಟ್ಟು ತುರಿದು ಸಂಪಾದಿಸಿದ್ದು. ಎರಡನೆಯದು ಮೂರೇ ವರ್ಷದ್ದು, ಆದರೆ ಅದು ಇನ್ನೂ ಮಾಸಿಲ್ಲ.

ಚಿಪ್ಪರ್ ಲೇಂಗ್ ಎಂದರೆ ಆ ಕಾಲಕ್ಕೆ ಏನು ಸಾಮಾನ್ಯನೆ! ಊರೂರು ಸುತ್ತಿ ಹಾಡಿ ನಗಿಸುವ ಒಣಕಲು ಆಳು, ಉದ್ದ ಕೋಟು. ಹಾಡು ಶುರು ಮಾಡಿ ಅರ್ಧಕ್ಕೆ ನಿಲ್ಲಿಸಿ, ಅತ್ತೆಯದೋ ಕುದುರೆಯದೋ ಒಂದು ಕತೆ ಎತ್ತಿ, ಜನ ನಕ್ಕು ಮೇಜು ಗುದ್ದುವಾಗ ಬಿಟ್ಟ ಸಾಲಿಗೇ ಹಾಡನ್ನು ತಂದು ಕೂರಿಸುತ್ತಿದ್ದ. ವರ್ಷಕ್ಕೊಮ್ಮೆ ಹಿಲ್‌ಗೆ ಬರುತ್ತಿದ್ದ. ಗಣಿಯವರಷ್ಟು ಜೋರಾಗಿ ನಗುವವರು ದೇಶದಲ್ಲೇ ಇಲ್ಲವೆಂದು ತನ್ನ ಲೈವ್ ರೆಕಾರ್ಡುಗಳನ್ನೆಲ್ಲ ಅಲ್ಲಿನ ಕ್ಲಬ್ಬಿನಲ್ಲೇ ಮಾಡಿಸುತ್ತಿದ್ದ. ಅರವತ್ನಾಲ್ಕನೇ ಇಸವಿಯಲ್ಲಿ ಕ್ಲಬ್ಬಿನ ಡ್ರಮ್ಮರ್ ಗಣಿಯೊಳಗೆ ಮಣಿಕಟ್ಟು ಮುರಿದುಕೊಂಡ. ಬೇರೆ ದಾರಿ ಕಾಣದೆ, ಬ್ಯಾಂಡ್ ಮಾಸ್ತರನ ಮಗಳು ನೋಲಾ ಪಾಸ್ಕೋಳನ್ನು ಡ್ರಮ್ಮಿನ ಸ್ಟೂಲಿನ ಮೇಲೆ ಕೂರಿಸಿದರು. ಇಪ್ಪತ್ತು ವರ್ಷದ ಹುಡುಗಿ. ಕಾಲು ಪೆಡಲಿಗೆ ಸರಿಯಾಗಿ ಎಟುಕುತ್ತಿರಲಿಲ್ಲ.

"ರಿಹರ್ಸಲ್ ಎಷ್ಟೊತ್ತಿಗೆ?" ಎಂದು ಕೇಳಿದಳಂತೆ.

"ರಿಹರ್ಸಲ್ಲಾ? ನಗೋರು ರಿಹರ್ಸಲ್ ಮಾಡ್ಕೊಂಡು ಬರ್ತಾರೇನಮ್ಮಾ?" ಎಂದು ಚಿಪ್ಪರ್ ಹೊರಟೇಹೋದನಂತೆ.

ಡ್ರಮ್ಮಿನವಳಿಗೆ ಕಾಣುವುದು ಹಾಡುಗಾರನ ಬೆನ್ನು ಮಾತ್ರ. ಆ ಬೆನ್ನನ್ನೇ ನೋಡಿ, ಆ ಉಸಿರನ್ನೇ ಕೇಳಿ ಅವಳು ಕಲಿತಳು. ಜೋಕಿನ ಕೊನೆಯ ಮಾತಿಗೂ ಜನರ ನಗೆಗೂ ನಡುವೆ ಒಂದು ಕೂದಲೆಳೆಯಷ್ಟು ಜಾಗವಿರುತ್ತದೆ. ಪೆಟ್ಟು ಬೀಳಬೇಕಾದದ್ದು ಅಲ್ಲಿ. ಮೊದಲೇ ಬಿದ್ದರೆ ಜೋಕು ಸತ್ತಿತು, ಆಮೇಲೆ ಬಿದ್ದರೆ ಕೇಳಿಸುವುದೇ ಇಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಡ್ರಮ್ಮಿನ ಪೆಟ್ಟೂ ಹಾಗೆಯೇ. ಮೂರು ವರ್ಷ, ಮೂರು ರೆಕಾರ್ಡು. ಮೂರರಲ್ಲೂ ಒಂದು ಕಡೆ ಚಿಪ್ಪರ್ ನಗು ತಡೆಯಲಾರದೆ "ಭೇಷ್ ಪಾಸ್ಕೋ!" ಎಂದು ಕೂಗಿದ್ದು ಕೇಳುತ್ತದೆ. ಪಾಸ್ಕೋ ಎಂದರೆ ಯಾರೋ ಮೀಸೆಯ ಗಂಡಸು ಎಂದೇ ಹೊರ ಊರಿನವರು ತಿಳಿದುಕೊಂಡಿದ್ದರು.

ಅರವತ್ತೇಳರಲ್ಲಿ ನೋಲಾ ಡಗ್ ಟ್ರೆಲೋರ್‌ನನ್ನು ಮದುವೆಯಾದಳು. ಅಲ್ಲಿಗೆ ಡ್ರಮ್ ಮುಗಿಯಿತು. ಹಿಲ್‌ನಲ್ಲಿ ಆಗ ಒಂದು ಕಟ್ಟಳೆಯಿತ್ತು: ಮದುವೆಯಾದ ಹೆಂಗಸು ಸಂಬಳದ ಕೆಲಸ ಬಿಡಬೇಕು, ಜಾಗವನ್ನು ಮದುವೆಯಾಗದವರಿಗೆ ಕೊಡಬೇಕು. ಅಂಗಡಿಯವಳಿಗೂ ಅದೇ, ಟೈಪಿಸ್ಟಿಗೂ ಅದೇ, ಡ್ರಮ್ಮಿನವಳಿಗೂ ಅದೇ. ಯಾರೂ ಬೈಯಲಿಲ್ಲ, ಜಗಳವಾಡಲಿಲ್ಲ. ಕೇಕು ತಂದು, ಕೈಕುಲುಕಿ, ಸ್ಟೂಲಿನಿಂದ ಎಬ್ಬಿಸಿ ಕಳಿಸಿದರು. ಮುಂದಿನ ವರ್ಷ ಚಿಪ್ಪರ್‌ನ ನಾಲ್ಕನೆಯ ರೆಕಾರ್ಡು ಬಂತು, ಡ್ರಮ್ಮಿಗೆ ಬೇರೆಯವನು. ಡಗ್ ಆಸೆಯಿಂದ ಅದನ್ನು ಕೊಂಡು ತಂದು ಹಾಕಿದ. ನೋಲಾ ಅಡುಗೆಮನೆಯಿಂದಲೇ ಕೇಳಿ, "ಬೇಗ ಹೊಡೆದ" ಎಂದಳು. ಮತ್ತೆ ಆ ತಟ್ಟೆ ಹೊರಗೆ ಬರಲಿಲ್ಲ. ಎಂಬತ್ತರ ದಶಕದಲ್ಲಿ ಕಟ್ಟಳೆ ಹೋಯಿತು ನಿಜ. ಅಷ್ಟರಲ್ಲಿ ಕ್ಲಬ್ಬಿನವರು ಡ್ರಮ್ ಮೆಷಿನ್ ತಂದು ಇಟ್ಟಿದ್ದರು. ಮೆಷಿನ್ನಿಗೆ ಮದುವೆಯ ಕಾಟವಿಲ್ಲವಲ್ಲ!

ಇಷ್ಟಾದರೂ ನೋಲಾ ಮುಖ ಸಿಂಡರಿಸಿಕೊಂಡು ಬದುಕಿದವಳಲ್ಲ. ಒಲೆಯ ಮೇಲೆ ಸೌಟಿನಲ್ಲಿ ತಾಳ ಹಾಕುತ್ತಾ, ಗಂಡನನ್ನು ಛೇಡಿಸುತ್ತಾ, ಮೂರು ಮಕ್ಕಳನ್ನು ದಡ ಮುಟ್ಟಿಸಿದಳು. ಮೊಮ್ಮಗಳು ಟ್ಯಾಮ್ಸಿನ್ ನಾಲ್ಕನೆಯ ವಯಸ್ಸಿಗೇ ಡಬ್ಬ ಬಡಿಯತೊಡಗಿದಾಗ ಮಾತ್ರ, ಯಾರೂ ನೋಡದಂತೆ ಹಿತ್ತಲಿಗೆ ಹೋಗಿ ಕಣ್ಣೊರೆಸಿಕೊಂಡು ಬಂದಳು.

ಟ್ಯಾಮ್ಸಿನ್‌ಗೆ ಹದಿನಾರು ತುಂಬಿತು. ಮೂರು ಗಂಟೆ ದಾರಿಯ ಮಿಲ್ಡೂರಾ ಪಟ್ಟಣದಲ್ಲಿ ನದೀತೀರ ಯುವ ಆರ್ಕೆಸ್ಟ್ರಾ ಇದೆ. ಆ ವರ್ಷ ಡ್ರಮ್ಮು, ಕಂಚಿನ ತಾಳಗಳ ಬಳಗದಲ್ಲಿ ಖಾಲಿಯಿದ್ದದ್ದು ಒಂದೇ ಜಾಗ. ಹಿಂದಿನ ವರ್ಷ ಅದರ ಆಡಿಷನ್‌ಗೆ ಹೋಗಿ ಸೋತು ಬಂದಿದ್ದಳು ಹುಡುಗಿ. ಕೈ ಚುರುಕು, ಸಂಗೀತ ಓದುವುದು ನೀರು ಕುಡಿದಷ್ಟು ಸಲೀಸು. ಆದರೆ ಸುಮ್ಮನಿರಲು ಬಾರದು. ನಲವತ್ತು ಆವರ್ತ ಎಣಿಸುತ್ತಾ ನಿಂತು ಆಮೇಲೆ ತಾಳ ಹೊಡೆಯಬೇಕಿದ್ದಲ್ಲಿ ಮೂವತ್ತೊಂಬತ್ತಕ್ಕೇ ಹೊಡೆದುಬಿಟ್ಟಿದ್ದಳು. ಈ ಸಲವೂ ತಪ್ಪಿದರೆ ಡ್ರಮ್ಮನ್ನೇ ಮಾರಿಬಿಡುತ್ತೇನೆ ಎಂದು ಹೇಳಿಕೊಂಡಿದ್ದಳು. ಆ ಮಾತು ನೋಲಾಳ ಎದೆಗೆ ನಾಟಿತ್ತು. ತನ್ನನ್ನಾದರೂ ಊರು ಸ್ಟೂಲಿನಿಂದ ಎಬ್ಬಿಸಿತು, ಇವಳು ತಾನಾಗಿಯೇ ಏಳುತ್ತಾಳಲ್ಲ ಎಂದು ಒದ್ದಾಡಿದಳು. ಸುಮಾರು ನಲವತ್ತು ವರ್ಷದ ಮೇಲೆ ಹಳೆಯ ರೆಕಾರ್ಡುಗಳನ್ನು ಅಟ್ಟದಿಂದ ಕೆಳಗಿಳಿಸಿ, ಕ್ಯಾಸೆಟ್ಟಿಗೆ ಹಾಕಿಸಿ, ಅಡುಗೆಮನೆಯ ಮೇಜಿನ ಮೇಲೆ ಅಭ್ಯಾಸದ ರಬ್ಬರ್ ಹಲಗೆ ಇಟ್ಟು ಮೊಮ್ಮಗಳನ್ನು ಕೂರಿಸಿದಳು.

"ಚಿಪ್ಪರ್ ಜೋಕು ಮುಗಿಸ್ತಾನೆ. ಆಗ ನೀನು ಹೊಡಿ. ಹೂಂ."

ಟಕ್.

"ಬೇಗ."

ಟಕ್.

"ಈಗ ತಡ. ಜನ ನಕ್ಕಾಯ್ತು, ನಿನ್ನ ಪೆಟ್ಟು ಯಾರಿಗೆ ಬೇಕು?"

"ಅಜ್ಜೀ, ನಾನು ಹೋಗ್ತಿರೋದು ಆರ್ಕೆಸ್ಟ್ರಾಗೆ! ಈ ಮುದುಕನ ಹಳಸಲು ಜೋಕಿಗೂ ಅದಕ್ಕೂ ಏನ್ ಸಂಬಂಧ?"

"ಅಲ್ಲಿ ಆರ್ಕೆಸ್ಟ್ರಾ ನಡೆಸೋ ಮುದುಕನ ಕೈಲಿ ಒಂದು ಕಡ್ಡಿ ಇರುತ್ತೆ. ಅಷ್ಟೇ ವ್ಯತ್ಯಾಸ. ಕಡ್ಡಿ ನೋಡ್ಬೇಡ, ಉಸಿರು ಕೇಳು. ಇನ್ನೊಂದ್ಸಲ."

"ಮದುವೆ ದಿನಾನೂ ಹೀಗೇ ಅಂದ್ಲು ಕಣಮ್ಮ," ಎಂದು ಡಗ್ ಪತ್ರಿಕೆಯ ಹಿಂದಿನಿಂದ ಬಾಯಿ ಹಾಕಿದ. "ನಾನು 'ಒಪ್ಕೋತೀನಿ' ಅಂದಿದ್ದು ಬೇಗ ಆಯ್ತಂತೆ."

"ಬೇಗಾನೇ ಆಗಿತ್ತು. ಪಾದ್ರಿ ಇನ್ನೂ ಕೇಳೇ ಇರ್ಲಿಲ್ಲ!"

ಎರಡು ತಿಂಗಳು ಮನೆಯಲ್ಲಿ ಇದೇ ಪಾಠ, ಇದೇ ನಗು. ಚಿಪ್ಪರ್‌ನ ಅತ್ತೆಯ ಕತೆ ಡಗ್‌ಗೆ ಬಾಯಿಪಾಠವಾಗಿ ನಿದ್ದೆಯಲ್ಲೂ ಗೊಣಗತೊಡಗಿದ. ಟ್ಯಾಮ್ಸಿನ್‌ಗೆ ಒಂದು ದಿನ ಆ ಕೂದಲೆಳೆಯ ಜಾಗ ಸಿಕ್ಕಿಯೇ ಬಿಟ್ಟಿತು. ಪೆಟ್ಟು ಬಿತ್ತು, ಅದರ ಬೆನ್ನಿಗೇ ಕ್ಯಾಸೆಟ್ಟಿನಲ್ಲಿ ನಾನೂರು ಗಣಿಗಾರರು ಹೋ ಎಂದು ನಕ್ಕರು. ತಾನೇ ನಗಿಸಿದಂತೆ ಹುಡುಗಿ ಹಿಗ್ಗಿಹೋದಳು.

ಇನ್ನು ಗಡಿಯಾರದ ಫಜೀತಿ ಕೇಳಿ. ಹಿಲ್ ಇರುವುದು ಒಂದು ರಾಜ್ಯದಲ್ಲಿ, ಅದರ ಗಡಿಯಾರ ನಡೆಯುವುದು ಪಕ್ಕದ ರಾಜ್ಯದ ಲೆಕ್ಕದಲ್ಲಿ. ಹಾಗಾಗಿ ಮಿಲ್ಡೂರಾಗಿಂತ ಹಿಲ್ ಯಾವಾಗಲೂ ಅರ್ಧ ಗಂಟೆ ಹಿಂದೆ. ಆಡಿಷನ್ ಇದ್ದದ್ದು ಶನಿವಾರ, ಮಿಲ್ಡೂರಾದ ಹತ್ತೂ ಮುಕ್ಕಾಲಿಗೆ. ನೋಲಾ ಹುಷಾರಿನ ಹೆಂಗಸು. ಹುಡುಗಿಯ ಮೈಗೆ ಆ ಹೊತ್ತು ಅಭ್ಯಾಸವಾಗಲೆಂದು ಒಂದು ವಾರ ಮೊದಲೇ ಅಡುಗೆಮನೆಯ ಗಡಿಯಾರವನ್ನು ಅರ್ಧ ಗಂಟೆ ಮುಂದೆ ತಿರುಗಿಸಿದಳು. ಡಗ್‌ಗೆ ಹೇಳಲಿಲ್ಲ. ಹೇಳಿದರೆ ಪಬ್ಬಿನಲ್ಲೆಲ್ಲ ಡಂಗುರ ಹೊಡೆದು ನಗೆಪಾಟಲು ಮಾಡುತ್ತಾನೆಂಬ ಭಯ.

ಡಗ್ ಕೂಡ ಹುಷಾರಿನ ಮನುಷ್ಯನೇ. ಶುಕ್ರವಾರ ಸಂಜೆ ರೇಡಿಯೋದ ಸಮಯಕ್ಕೆ ಗಡಿಯಾರ ಹೋಲಿಸಿ ನೋಡಿ, ಇದೇನು ಹೀಗೆ ಓಡುತ್ತಿದೆ ಎಂದು ಅರ್ಧ ಗಂಟೆ ಹಿಂದಕ್ಕೆ ತಿರುಗಿಸಿಟ್ಟ. ಅವನೂ ಹೇಳಲಿಲ್ಲ.

ಶನಿವಾರ ಬೆಳಿಗ್ಗೆ ನೋಲಾ ರಾತ್ರಿ ನಿಂತುಹೋಗಿದ್ದ ತನ್ನ ಕೈಗಡಿಯಾರಕ್ಕೆ ಕೀಲಿ ಕೊಟ್ಟು ಅದೇ ಗಡಿಯಾರಕ್ಕೆ ಸರಿಮಾಡಿಕೊಂಡಳು. ಬುಟ್ಟಿಯಲ್ಲಿ ಆಲೂಗಡ್ಡೆ, ಮಾಂಸ ತುಂಬಿದ ಬಿಸಿ ಪ್ಯಾಸ್ಟಿ, ಹಿಂದಿನ ಸೀಟಿನಲ್ಲಿ ಡ್ರಮ್ಮು, ಕಾರಿನ ಕ್ಯಾಸೆಟ್ಟಿನಲ್ಲಿ ಚಿಪ್ಪರ್. ಕೆಂಪು ಮಣ್ಣಿನ ಬಯಲಿನ ಉದ್ದಕ್ಕೂ ಮೂವರೂ ಹಾಡಿಕೊಂಡು ಹೋದರು. ಸಭಾಂಗಣದ ಬಾಗಿಲಿಗೆ ಬಂದಾಗ ನೋಲಾಳ ಕೈಯಲ್ಲಿ ಹತ್ತೂವರೆ.

"ಟ್ಯಾಮ್ಸಿನ್ ಟ್ರೆಲೋರಾ?" ಎಂದ ಬಾಗಿಲಲ್ಲಿದ್ದವನು. "ಕೂಗಿ ಕೂಗಿ ಗಂಟಲು ಬತ್ತಿಹೋಯ್ತು. ನಿಮ್ಮ ಸರದಿ ಮುಗೀತು. ಹನ್ನೊಂದು ಗಂಟೆ ಆಯ್ತಲ್ಲಮ್ಮ."

ಗೋಡೆಯ ಗಡಿಯಾರವೂ ಹನ್ನೊಂದೇ ತೋರಿಸುತ್ತಿತ್ತು. ನೋಲಾ ತನ್ನ ಕೈ ನೋಡಿಕೊಂಡಳು, ಗೋಡೆ ನೋಡಿದಳು. ಡಗ್‌ನ ಮುಖ ಸುಣ್ಣ ಬಳಿದಂತಾಯಿತು.

"ನೋಲಾ, ಅಡುಗೆಮನೆ ಗಡಿಯಾರ... ನಿನ್ನೆ ಅರ್ಧ ಗಂಟೆ ಮುಂದೆ ಓಡ್ತಿತ್ತು. ನಾನು ಸರಿ ಮಾಡ್ದೆ."

"ಅಯ್ಯೋ ನಿನ್ನ! ಮುಂದೆ ಇಟ್ಟೋಳೇ ನಾನು!"

"ನನಗೇನು ಕನಸು ಬಿದ್ದಿತ್ತಾ?"

ಗದ್ದಲ ಕೇಳಿ ಆರ್ಕೆಸ್ಟ್ರಾ ನಡೆಸುವ ಮಿಸೆಸ್ ಫರಾಗೊ ಹೊರಗೆ ಬಂದರು. ಎತ್ತರದ ಹೆಂಗಸು, ಮೂಗಿನ ತುದಿಯಲ್ಲಿ ಕನ್ನಡಕ, ಅದರಾಚೆ ಕರುಣೆಯಿಲ್ಲದ ಕಣ್ಣು.

"ಹೊತ್ತು ಕಾಯೋಕಾಗದೋಳು ತಾಳ ಕಾಯ್ತಾಳಾ?"

"ತಪ್ಪು ಮಗೂದಲ್ಲ ಮೇಡಂ, ನಮ್ಮ ಗಡಿಯಾರದ್ದು," ಎಂದಳು ನೋಲಾ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ."

ನೋಲಾಗೆ ಕೋಪ ಬಂತು, ನುಂಗಿದಳು. ಗಡಿಯಾರದ ಕತೆಯನ್ನು ಮೊದಲಿನಿಂದ ಕೊನೆಯವರೆಗೆ, ಒಂದನ್ನೂ ಮುಚ್ಚಿಡದೆ ಹೇಳಿದಳು. ಬಾಗಿಲಿನವನು ಕೆಮ್ಮಿನ ನೆಪದಲ್ಲಿ ನಕ್ಕ. ಮಿಸೆಸ್ ಫರಾಗೊ ನಗಲಿಲ್ಲ. "ಒಂದು ಗಂಟೆಗೆ ಪಟ್ಟಿ ಮುಗಿಯುತ್ತೆ. ಆಮೇಲೆ ಐದು ನಿಮಿಷ ಉಳಿದ್ರೆ ಕೇಳ್ತೀನಿ. ಉಳಿದ್ರೆ," ಎಂದು ಒಳಗೆ ಹೋದರು.

ಎರಡು ಗಂಟೆ ಮೆಟ್ಟಿಲ ಮೇಲೆ ಕುಳಿತರು. ಬುಟ್ಟಿಯ ಪ್ಯಾಸ್ಟಿಯನ್ನು ಯಾರೂ ಮುಟ್ಟಲಿಲ್ಲ. ಟ್ಯಾಮ್ಸಿನ್ ಮರದ ಕೆಳಗೆ ಒಬ್ಬಳೇ ಓಡಾಡುತ್ತಿದ್ದಳು.

"ಇದು ಎರಡನೇ ಸಲ ಕಣೇ," ಎಂದ ಡಗ್. "ಆಗ ನಿನ್ನ ಎಬ್ಬಿಸ್ದೆ. ಈಗ ಮಗೂನ."

"ಆಗ ಎಬ್ಬಿಸಿದ್ದು ಊರು."

"ನಾನೂ ಊರಿನವನೇ ಅಲ್ವಾ? ಎದ್ದು ನಿಂತು ಒಂದು ಮಾತು ಆಡ್ಬೋದಿತ್ತು. ಕೇಕು ತಿಂದ್ಕೊಂಡು ಕೂತಿದ್ದೆ."

ಇಷ್ಟು ವರ್ಷದಲ್ಲಿ ಅವನು ಈ ಮಾತು ಆಡಿದ್ದು ಅದೇ ಮೊದಲು. ನೋಲಾ ಅವನತ್ತ ತಿರುಗಿದಳು. ಅವನ ಒರಟು ಕೈಯನ್ನು ಎಳೆದು ತನ್ನ ಮಡಿಲಲ್ಲಿಟ್ಟುಕೊಂಡಳು. "ಎರಡು ಚೂರು ತಿಂದಿದ್ದೆ ನೀನು," ಎಂದಳು.

ಒಂದು ಗಂಟೆಗೆ ಪಟ್ಟಿ ಮುಗಿದು ಐದು ನಿಮಿಷ ಉಳಿಯಿತು. ಟ್ಯಾಮ್ಸಿನ್ ಒಳಗೆ ಹೋದಳು. ಅಜ್ಜಿ ಬಾಗಿಲಿಗೆ ಕಿವಿಯಿಟ್ಟಳು. ಡ್ರಮ್ಮಿನ ಪಾಠ ಮಳೆಹನಿಯಂತೆ ಮೆಲ್ಲಗೆ ಶುರುವಾಗಿ ಏರಿ ಮುಗಿಯಿತು. ಅದರ ಚಿಂತೆಯಿರಲಿಲ್ಲ. ಆಮೇಲೆ ಪಿಯಾನೋ ಹೊರಟಿತು: ಟ್ಯಾಮ್ಸಿನ್‌ಗೆ ನಲವತ್ತು ಆವರ್ತದ ಮೌನ, ಕೊನೆಗೆ ತಾಳದ ಒಂದೇ ಪೆಟ್ಟು. ನೋಲಾ ಬೆರಳು ಮಡಿಸಿ ಎಣಿಸಿದಳು. ಮೂವತ್ತೆಂಟು. ಮೂವತ್ತೊಂಬತ್ತು. ನಲವತ್ತು ತುಂಬಿತು, ಪಿಯಾನೋ ನಿಂತಿತು, ಪೆಟ್ಟು ಮಾತ್ರ ಬೀಳಲಿಲ್ಲ. ಬಾಗಿಲ ಕಿಂಡಿಯಿಂದ ನೋಡಿದರೆ ಮಿಸೆಸ್ ಫರಾಗೊ ಕಡ್ಡಿ ಎತ್ತಿದ ಕೈಯನ್ನು ಇಳಿಸದೆ, ಬೇಕೆಂದೇ, ಹಾಗೇ ಹಿಡಿದು ನಿಂತಿದ್ದರು. ಹುಡುಗಿಯ ಎರಡೂ ಕೈಯಲ್ಲಿ ತಾಳ. ಅಲುಗಾಟವಿಲ್ಲ. ಹೊಡೀಬೇಡ ಮಗಳೇ, ಹೊಡೀಬೇಡ ಎಂದು ನೋಲಾ ತುಟಿ ಕಚ್ಚಿದಳು. ಆಮೇಲೆ, ಕಡ್ಡಿ ಇಳಿಯುವ ಮೊದಲಿನ ಆ ಉಸಿರು ನೋಲಾಗೂ ಗೊತ್ತಾಯಿತು, ಅವಳ ಬಲಗೈ ತಾನಾಗಿಯೇ ಗಾಳಿಯಲ್ಲಿ ಚಿಮ್ಮಿತು, ಅದೇ ಕ್ಷಣಕ್ಕೆ ಒಳಗೆ ತಾಳ ಝಲ್ಲೆಂದು ಸಭಾಂಗಣವೆಲ್ಲ ತುಂಬಿತು.

"ಎಷ್ಟು ಎಣಿಸ್ದೆ?" ಎಂದರು ಮಿಸೆಸ್ ಫರಾಗೊ.

"ನಲವತ್ತು. ಆಮೇಲೆ ಎಣಿಸ್ಲಿಲ್ಲ ಮೇಡಂ. ನಿಮ್ಮ ಉಸಿರು ಕೇಳ್ದೆ."

"ಇದನ್ನ ಯಾರು ಕಲಿಸಿದ್ದು?"

"ಹೊರಗೆ ಬಾಗಿಲಿಗೆ ಅಂಟ್ಕೊಂಡಿದಾರಲ್ಲ, ನಮ್ಮಜ್ಜಿ."

ಬಾಗಿಲು ತೆಗೆದಾಗ ನೋಲಾ ಮುಗ್ಗರಿಸಿ ಒಳಗೇ ಬಂದುಬಿಟ್ಟಳು. ಮಿಸೆಸ್ ಫರಾಗೊ ಪಟ್ಟಿಯಲ್ಲಿ ಏನೋ ಬರೆದು ತಲೆಯೆತ್ತಿದರು. "ಜಾಗ ಇವಳಿಗೆ. ಶನಿವಾರ ಶನಿವಾರ ಅಭ್ಯಾಸ. ಇಪ್ಪತ್ತೈದು ತುಂಬೋವರೆಗೂ ಇರ್ಬೋದು."

ಟ್ಯಾಮ್ಸಿನ್ ಕಿರುಚಿ ತಾತನ ಕುತ್ತಿಗೆಗೆ ಜೋತುಬಿದ್ದಳು. ನೋಲಾ ಮಾತ್ರ ನಿಂತಲ್ಲೇ ನಿಂತಿದ್ದಳು. ಇಪ್ಪತ್ತೈದು ಎಂದರೆ ಇನ್ನೂ ಒಂಬತ್ತು ವರ್ಷ. ಕೇಳಬಾರದೆಂದುಕೊಂಡದ್ದು ಬಾಯಿಂದ ಜಾರಿಯೇ ಹೋಯಿತು.

"ಮಧ್ಯೆ ಮದುವೆ ಆದ್ರೆ?"

"ಮದುವೆ ಆದ್ರೆ?" ಮಿಸೆಸ್ ಫರಾಗೊಗೆ ಪ್ರಶ್ನೆಯೇ ತಿಳಿಯಲಿಲ್ಲ. ಕನ್ನಡಕ ಮೇಲೆ ಸರಿಸಿ ನೋಲಾಳ ಮುಖ ನೋಡಿದರು. "ಆದ್ರೆ ಏನೀಗ? ಗಂಡನ್ನೂ ಕರ್ಕೊಂಡು ಬರ್ಲಿ. ಈ ಟಿಂಪನಿ ನಗಾರಿ ಹೊರೋಕೆ ಜನ ಸಿಕ್ದೆ ಸಾಯ್ತಿದೀವಿ."

ನೋಲಾಗೆ ನಗು ಉಕ್ಕಿ ಬಂತು. ನಕ್ಕಳು, ಕುರ್ಚಿ ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಇಳಿದರೂ ಒರೆಸಿಕೊಳ್ಳದೆ ನಕ್ಕಳು. ಡಗ್ ಆಗಲೇ ಕೋಟು ಬಿಚ್ಚಿ, ತೋಳು ಮಡಿಸಿ, ಯಾವ ಟಿಂಪನಿಯನ್ನು ಎಲ್ಲಿಗೆ ಹೊರಬೇಕು ಎಂದು ಕೇಳುತ್ತಾ ವೇದಿಕೆ ಹತ್ತುತ್ತಿದ್ದ.