ಅಲುಗದೆ ಕೂತವರ ಪಾಲಿನ ಗಾಳಿ

ಬೂಟಿನ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ತೊಟ್ಟು, ಕಂಕುಳಲ್ಲಿ ಮಡಿಸಿದ ಏಣಿ ಹಿಡಿದು ಅವರು ಬಾಗಿಲು ದಾಟಿ ಬಂದಾಗ, ಅವಳು ತನ್ನ ಹೊಸ ಮೇಜಿನ ಎತ್ತರ ನೋಡುತ್ತಿದ್ದಳು. ಪ್ರಯೋಗಾಲಯದ ಗೋಡೆಗಳ ಬಣ್ಣ ಇನ್ನೂ ಆರಿರಲಿಲ್ಲ. ಏಣಿಯನ್ನು ಗೋಡೆಗೆ ತಾಗದಂತೆ ನಿಲ್ಲಿಸಿ, ಜೇಬಿನಿಂದ ಬೆರಳುದ್ದದ ಗಾಜಿನ ನಳಿಕೆ ತೆಗೆದು ಅದರ ಹಿಂದಿನ ರಬ್ಬರ್ ಬುಡ್ಡೆಯನ್ನು ಒತ್ತಿದರು. ಬಿಳಿ ಹೊಗೆಯ ಎಳೆಯೊಂದು ಬಾಗಿಲಿನಿಂದ ಒಳಕ್ಕೆ ಬಾಗಿ, ಚಾವಣಿಯ ಜಾಲರಿಯತ್ತ ತೇಲಿತು.

"ಇಲ್ಲಿ ಬೀಡಿ ಸೇದೋ ಹಾಗಿಲ್ಲ ಸಾರ್" ಎಂದಳು.

"ಸೇದೋದು ನಾನಲ್ಲಮ್ಮ, ನಿಮ್ಮ ಕಟ್ಟಡ. ಎಷ್ಟು ಚೆನ್ನಾಗಿ ಸೇದುತ್ತೆ ಅಂತ ನೋಡ್ತಿದ್ದೀನಿ."

ಅಂದಿನಿಂದ ಅವರು ಎಲ್ಲರ ಬಾಯಲ್ಲೂ ಗಾಳಿಯಣ್ಣ ಆದರು. ಹೊಸ ಕಟ್ಟಡದ ಫ್ಯಾನು, ಕೊಳವೆಗಳೆಲ್ಲ ಹೇಳಿದಂತೆ ಕೆಲಸ ಮಾಡುತ್ತವೆಯೇ ಎಂದು ಪರೀಕ್ಷಿಸಿ ಸಹಿ ಹಾಕುವುದು, ಆಮೇಲೆ ಒಂದು ವರ್ಷ ಅದು ಎಷ್ಟು ಕರೆಂಟು ತಿನ್ನುತ್ತದೆಂದು ಕಣ್ಣಿಡುವುದು ಅವರ ಕೆಲಸ. ಹಳೆಯ ಕಟ್ಟಡದ ಅರ್ಧದಷ್ಟು ಕರೆಂಟಿನಲ್ಲಿ ಇದು ನಡೆಯಬೇಕಿತ್ತು; ನಡೆದರೆ ಕಟ್ಟಡಕ್ಕೆ ಉಳಿತಾಯದ ಪ್ರಶಸ್ತಿ, ಅವರ ಕಂಪನಿಗೆ ಹೆಸರು. ಅದಕ್ಕೆಂದೇ ಪ್ರತಿ ಕೋಣೆಯ ಚಾವಣಿಗೂ ಒಂದು ಸೆನ್ಸರ್ ಕೂರಿಸಿದ್ದರು. ಒಳಗೆ ಯಾರೂ ಇಲ್ಲವೆಂದು ಅದಕ್ಕೆ ಕಂಡರೆ ಗಾಳಿಯ ಹರಿವು ತಗ್ಗುತ್ತಿತ್ತು.

ಅವಳದು ಸೂಕ್ಷ್ಮದರ್ಶಕದ ಕೆಲಸ. ದ್ರಾವಕದಿಂದ ಆಗಷ್ಟೇ ತೆಗೆದ ಗಾಜಿನ ಸ್ಲೈಡುಗಳು ಪಕ್ಕದಲ್ಲಿ ಆರುತ್ತಿದ್ದವು. ಕೆಲವೇ ವಾರಗಳಲ್ಲಿ ತಲೆನೋವು ಶುರುವಾಯಿತು. "ಮೊದಲು ಆ ಕನ್ನಡಕ ಬದಲಾಯಿಸಮ್ಮ" ಎಂದರು ಮನೆಯಲ್ಲಿ ಅತ್ತೆ. ಬದಲಾಯಿಸಿದಳು. ನೋವು ಜಗ್ಗಲಿಲ್ಲ. ದೂರು ಕೊಟ್ಟಾಗಲೆಲ್ಲ ಗಾಳಿಯಣ್ಣ ಬಂದು ಮೀಟರ್ ಹಿಡಿದರು; ಪ್ರತಿ ಸಲವೂ ಗಾಳಿ ಸರಿಯಾಗಿಯೇ ಇತ್ತು.

"ಕಟ್ಟಡಕ್ಕೆ ಕಾಯಿಲೆ ಇಲ್ಲ. ಇದೇ ಗೋಳಾದರೆ ನಿಮ್ಮನ್ನ ಉಗ್ರಾಣಕ್ಕೆ ಹಾಕ್ತೀನಿ, ಆರಾಮಾಗಿ ಡಬ್ಬ ಜೋಡಿಸ್ಕೊಂಡಿರಿ" ಎಂದರು ಪ್ರಯೋಗಾಲಯದ ಮುಖ್ಯಸ್ಥರು.

ಅವಳಿಗೆ ಭೂಮಿ ಬಾಯಿಬಿಟ್ಟಂತಾಯಿತು. ಕಷ್ಟಪಟ್ಟು ಕಲಿತ ಒಂದೇ ವಿದ್ಯೆ ಈ ಸೂಕ್ಷ್ಮದರ್ಶಕದ್ದು. ಹೊರಗೆ ಕಾರಿಡಾರಿನಲ್ಲಿ ಗಾಳಿಯಣ್ಣನನ್ನು ತಡೆದು ನಿಲ್ಲಿಸಿದಳು.

"ನೀವು ಬಂದಾಗ ನನಗೂ ಚೆನ್ನಾಗೇ ಇರುತ್ತೆ ಅಣ್ಣ. ಕಸ ಗುಡಿಸೋರು ಬಂದಾಗಲೂ ಅಷ್ಟೇ. ಒಬ್ಬಳೇ ಇದ್ದಾಗ ಮಾತ್ರ ಹೀಗೆ. ನನಗೇನು ಹುಚ್ಚಾ?"

ಹೊರಟಿದ್ದವರು ಮತ್ತೆ ಅವಳ ಕೋಣೆಯತ್ತ ತಿರುಗಿದರು. "ನಡೀರಿ, ನಿಮ್ಮ ಕೆಲಸ ಮಾಡಿ. ನಾನು ಇಲ್ಲ ಅಂದ್ಕೊಳ್ಳಿ" ಎಂದು ಕೋಣೆಯ ಮೂಲೆಯ ಸ್ಟೂಲಿನ ಮೇಲೆ ಮೀಟರ್ ಹಿಡಿದು ಕುಳಿತರು.

ಅವಳು ಕಣ್ಣನ್ನು ಸೂಕ್ಷ್ಮದರ್ಶಕಕ್ಕೆ ಹಚ್ಚಿದಳು. ಅಲುಗುತ್ತಿದ್ದದ್ದು ಅವಳ ಎರಡು ಬೆರಳು ಮಾತ್ರ. ಅವರೂ ಕಲ್ಲಿನಂತೆ ಕೂತರು. ಸ್ವಲ್ಪ ಹೊತ್ತಿನಲ್ಲಿ ಚಾವಣಿಯ ಸದ್ದು ತಗ್ಗುತ್ತ ಬಂದು, ನಿಂತೇಹೋದಂತಾಯಿತು. ಮೀಟರಿನ ಅಂಕಿ ಕುಸಿಯಿತು. ದ್ರಾವಕದ ವಾಸನೆ ಮೂಗಿಗೆ ಅಡರಿತು. ಸೆನ್ಸರಿಗೆ ಕಾಣುವುದು ಅಲುಗಾಟ ಮಾತ್ರ; ಇಬ್ಬರು ಉಸಿರಾಡುತ್ತಿದ್ದ ಕೋಣೆಯನ್ನು ಕಟ್ಟಡ ಖಾಲಿಯೆಂದು ಬಗೆದಿತ್ತು.

ಪರೀಕ್ಷೆಯ ದಿನಗಳಲ್ಲಿ ಅವರ ತಂಡದವರು ಏಣಿ ಹೊತ್ತು ಓಡಾಡಿದ್ದರು, ಹತ್ತಿ ಇಳಿದಿದ್ದರು. ಒಳಗೆ ಒಬ್ಬರೂ ಸುಮ್ಮನೆ ಕೂತಿರಲಿಲ್ಲ.

ಮುಖ್ಯಸ್ಥರ ಮುಂದೆ ಅವರು ಸುತ್ತಿಬಳಸಲಿಲ್ಲ. "ತಪ್ಪು ನನ್ನ ಪರೀಕ್ಷೇದು ಸಾರ್. ಇವತ್ತಿಂದಲೇ, ಇಂಥ ಕೋಣೆಗಳಲ್ಲಿ ಹಗಲು ಗಾಳಿ ತಗ್ಗೋ ಹಾಗಿಲ್ಲ."

"ಕರೆಂಟು ಏರುತ್ತಲ್ಲ! ಉಳಿತಾಯದ ಪ್ರಶಸ್ತಿ?"

"ಅದು ಈ ವರ್ಷ ಬರಲ್ಲ."

"ಹೇಳೋದು ಸುಲಭ. ನಿಮ್ಮ ಕಂಪನಿ ನಿಮ್ಮನ್ನ ಸುಮ್ನೆ ಬಿಡುತ್ತಾ?"

"ಬಿಡಲ್ಲ ಸಾರ್" ಎಂದರು, ತಲೆ ತಗ್ಗಿಸದೆ.

ಹಾಗೇ ಆಯಿತು. ದೊಡ್ಡ ಕಟ್ಟಡಗಳು ಅವರ ಕೈತಪ್ಪಿದವು. ಅವಳು ಉಗ್ರಾಣಕ್ಕೆ ಹೋಗಲಿಲ್ಲ. ತಲೆನೋವು ಮೆಲ್ಲಗೆ ಇಳಿಯಿತು.

ಗಾಳಿಯಣ್ಣ ಈಗ ಸಣ್ಣಪುಟ್ಟ ಪ್ರಯೋಗಾಲಯಗಳನ್ನು ಪರೀಕ್ಷಿಸುತ್ತಾರೆ. ಸಹಿ ಹಾಕುವ ಮೊದಲು ಪ್ರತಿ ಕೋಣೆಯಲ್ಲೂ, ಅಲ್ಲಿ ಕೆಲಸ ಮಾಡುವವರ ಕುರ್ಚಿಯಲ್ಲೇ, ಅಲುಗದೆ ಕೂರುತ್ತಾರೆ.