ಕಡಲ ಗಾಳಿಯ ಪೆಟ್ಟಿಗೆ

ವಾಸನೆಯಿಲ್ಲದ ಗಾಳಿಯನ್ನು ನಾನು ಇವತ್ತಿಗೂ ನಂಬುವುದಿಲ್ಲ. ಹೊಸ ಮನೆಗೆ ಹೋದರೆ ಮೊದಲು ಕಿಟಕಿ ಎಲ್ಲಿದೆಯೆಂದು ನೋಡುತ್ತೇನೆ. ಕಾರಿನಲ್ಲಿ ಕೂತರೆ ಗಾಜು ಇಳಿಸುತ್ತೇನೆ, ಮಳೆಯಿದ್ದರೂ ಬೆರಳು ತೂರುವಷ್ಟಾದರೂ. ಮನೆಯವರು ಇದನ್ನು ಹಟ ಎನ್ನುತ್ತಾರೆ. ಹಟವೇ. ಅದು ನನಗೆ ಅಂಟಿಕೊಂಡದ್ದು ಯುದ್ಧದ ಕಾಲದಲ್ಲಿ, ಮರವಂತೆಯ ಹತ್ತಿರ, ಇದ್ದಿಲಿನಿಂದ ಓಡುತ್ತಿದ್ದ ಒಂದು ಬಸ್ಸಿನ ಪಕ್ಕದಲ್ಲಿ.

ಅಕ್ಕನನ್ನು ಮದುವೆ ಮಾಡಿಕೊಟ್ಟದ್ದು ಅಲ್ಲಿಗೆ. ಅವಳ ಗಂಡ ಬೊಂಬಾಯಿಯಲ್ಲಿ ಹೋಟೆಲು ನೋಡಿಕೊಳ್ಳುತ್ತಿದ್ದರು. ಊರಿನ ಮನೆಯಲ್ಲಿ ಯಜಮಾನಿಕೆ ಅವರ ಅಣ್ಣನದು. ನಾನು ಅವರನ್ನು ದೊಡ್ಡ ಭಾವ ಎನ್ನುತ್ತಿದ್ದೆ. ಅವರಿಗೊಂದು ಬಸ್ಸಿತ್ತು. ಆಗ ಹೊಳೆಗಳಿಗೆ ಸೇತುವೆಗಳಿರಲಿಲ್ಲವಾದ್ದರಿಂದ ನಮ್ಮ ಕಡೆಯ ಬಸ್ಸುಗಳು ಒಂದು ಕಡವಿನಿಂದ, ಅಂದರೆ ದೋಣಿಯಲ್ಲಿ ಹೊಳೆ ದಾಟುವ ಜಾಗದಿಂದ, ಇನ್ನೊಂದಕ್ಕೆ ಮಾತ್ರ ಓಡುತ್ತಿದ್ದವು. ದೊಡ್ಡ ಭಾವನ ಬಸ್ಸು ಕುಂದಾಪುರದ ಹೊಳೆಯ ಆಚೆ ದಡದಿಂದ ಬೈಂದೂರಿನ ತನಕ. ಅಷ್ಟು ದಾರಿಗೆ ಅದೊಂದೇ ಬಸ್ಸಾದ್ದರಿಂದ ಕೋರ್ಟಿಗೆ ಹೋಗುವವರು, ಮದುವೆ ದಿಬ್ಬಣ, ಗಂಗೊಳ್ಳಿಯ ಒಣಮೀನಿನ ಬುಟ್ಟಿ ಎಲ್ಲವೂ ಅದರಲ್ಲೇ. ಹಲಗೆಗಳು ಮೀನಿನ ನೀರು ಕುಡಿದು ಕುಡಿದು ಕಪ್ಪಾಗಿದ್ದವು. ಎಷ್ಟು ತೊಳೆದರೂ ಬಿಸಿಲು ಬಿದ್ದೊಡನೆ ವಾಸನೆ ಎದ್ದು ಕೂರುತ್ತಿತ್ತು.

ಅಕ್ಕನ ಬೆನ್ನಿಗೆ ಹುಟ್ಟಿದ ತಂಗಿಯಾದ ನಾನು ಮಂಗಳೂರಿನ ಕಾಲೇಜಿನಲ್ಲಿ ವಿಜ್ಞಾನ ಓದಿ ಬಾರ್ಕೂರಿನ ನಮ್ಮ ಮನೆಗೆ ಮರಳಿದ ವರ್ಷ ಅದು. ಅಕ್ಕನಿಗೆ ಏಳು ತಿಂಗಳು ತುಂಬಿತ್ತು. ಅವಳನ್ನು ಹೆರಿಗೆಗೆ ಕರೆತರಲು ಅಮ್ಮಮ್ಮ ಹೊರಟಾಗ ಜೊತೆಗೆ ನಾನೂ ಹೊರಟೆ. ಅಮ್ಮಮ್ಮ ಎಂದರೆ ನಮ್ಮ ಅಮ್ಮನ ತಾಯಿ. ಅಕ್ಕನ ಎರಡು ಬಸಿರು ಹಿಂದೆ ನಿಲ್ಲದೆ ಹೋಗಿದ್ದವು. ಎರಡನೆಯ ಸಲವೂ ಏಳರಲ್ಲೇ ಕರೆಯಲು ಹೋಗಿದ್ದೆವು. ಅಂದು ಹೊರಡುವ ಹೊತ್ತಿಗೆ ರಾಹುಕಾಲ ಅಡ್ಡ ಬಂದಿತ್ತು. ಅಂಥಾಗ ನಮ್ಮಲ್ಲಿ ಪ್ರಸ್ಥಾನ ಇಡುವುದು ವಾಡಿಕೆ: ಅಕ್ಕಿ, ಕಾಯಿ, ಒಂದು ಸೀರೆ ಕಟ್ಟಿದ ಗಂಟನ್ನು ಒಳ್ಳೆಯ ಹೊತ್ತಿನಲ್ಲಿ ಮನೆಯ ಹೊರಗೆ ಇಟ್ಟುಬಿಟ್ಟರೆ ಹೊರಟಂತೆಯೇ ಲೆಕ್ಕ, ಮನುಷ್ಯ ಆಮೇಲೆ ಹೋಗಬಹುದು. ಆ ಸಲ ಗಂಟು ನೆರೆಮನೆಯ ಜಗಲಿಯಲ್ಲಿ ಕೂತಿತ್ತು. ಮಳೆ ಹಿಡಿದು ಕಡವು ನಿಂತಿತು, ಅಕ್ಕ ಹೊರಡಲಾಗಲಿಲ್ಲ, ಕೂಸು ಆ ಮನೆಯಲ್ಲೇ ಹೋಯಿತು.

"ಗಂಟ್ ಹೊರಟಿತ್ತ್, ಹೆಣ್ಣ್ ಹೊರಡ್ಲಿಲ್ಲೆ," ಎಂದು ಅಮ್ಮಮ್ಮ ವರ್ಷಗಟ್ಟಲೆ ಹೇಳುತ್ತಿದ್ದರು. ಅದನ್ನು ಹೇಳುವಾಗ ಅವರು ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಅಕ್ಕನಿಗೆ ಈ ಸಲ ಒಣಮೀನಿನ ವಾಸನೆ ಮೂಗಿಗೆ ತಾಗಿದರೆ ಸಾಕು, ಹೊಟ್ಟೆಯಲ್ಲಿದ್ದುದೆಲ್ಲ ಹೊರಗೆ. ವಾಂತಿಯಿಂದ ಸೊರಗಿ ಹೋಗಿದ್ದಳು. ಬಸ್ಸಿನಲ್ಲಿ ಹೇಗೆ ಒಯ್ಯುವುದು ಎಂಬ ಚಿಂತೆ ನಮ್ಮದಾದರೆ ದೊಡ್ಡ ಭಾವ ಅದಕ್ಕೆ ಆಗಲೇ ಪರಿಹಾರ ಹುಡುಕಿ ಇಟ್ಟಿದ್ದರು. ಹೊರಡುವ ಹಿಂದಿನ ಸಂಜೆ ನಮ್ಮನ್ನೆಲ್ಲ ಜಗಲಿಯಲ್ಲಿ ಕೂರಿಸಿ ಒಂದು ಮರದ ಪೆಟ್ಟಿಗೆಯ ಮುಚ್ಚಳ ತೆಗೆದರು. ಒಳಗೆ ತವರದ ಹಾಳೆ ಸುತ್ತಿದ ಗಾಜಿನ ಕೊಳವೆಗಳು, ತಂತಿಯ ದಪ್ಪ ಸುರುಳಿ.

"ಬೊಂಬಾಯಿಯ ಒಂದ್ ಸಿನೆಮಾ ಟಾಕೀಸಲ್ಲಿ ಇದ್ದದ್," ಎಂದರು. "ಸಾವ್ರ ಜನ ಬೀಡಿ ಸೇದಿ ಹೋದ್ ಮೇಲೆ ಬಾಗ್ಲ್ ಹಾಕಿ ಇದನ್ನ್ ಬಿಡುದ್. ಮತ್ತೆ ಕಾಂಬುಕಿಲ್ಲೆ, ವಾಸ್ನೆ ಹೆಸ್ರಿಗಿಲ್ಲೆ. ಕ್ರಿಮಿಯೂ ಸಾಯ್ತ್. ಓಝೋನ್ ಅಂಬ್ರ್ ಇದಕ್ಕೆ. ಕಡಲ ಗಾಳಿಯ ಸತ್ವ!"

"ಕಡಲ್ ಹಿತ್ಲಲ್ಲೇ ಇತ್ತಲೆ. ಅದನ್ನ್ ಪೆಟ್ಗಿಯಲ್ ತಪ್ಪುದೆಂತಕೆ?" ಎಂದರು ಅಮ್ಮಮ್ಮ.

ಎಲ್ಲರೂ ನಕ್ಕೆವು. ಭಾವನೂ ನಕ್ಕರು. ಅಂಗಳದಲ್ಲಿ ನಿಂತಿದ್ದ ಬಸ್ಸಿನ ಬ್ಯಾಟರಿಗೆ ತಂತಿ ಸಿಕ್ಕಿಸಿದೊಡನೆ ಪೆಟ್ಟಿಗೆ ಜುಂಯ್ ಎಂದು ಮಿಡಿದು, ಕೊಳವೆಗಳೊಳಗೆ ನೇರಳೆ ಬೆಳಕು ಸುಳಿದಾಡಿತು. ಸಿಡಿಲು ಬಡಿದ ಮೇಲೆ ಬರುವ ಚುರುಕು ವಾಸನೆ ಹಬ್ಬಿತು. ನನಗೆ ಆ ವಾಸನೆ ಗೊತ್ತಿತ್ತು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಅದನ್ನು ತಯಾರಿಸಿ ತೋರಿಸಿದ ಮೇಷ್ಟ್ರು ಕಿಟಕಿಗಳನ್ನೆಲ್ಲ ತೆರೆಸಿದ್ದರು. ಆದರೂ ನಮಗೆ ಸಂಜೆಯ ತನಕ ಗಂಟಲು ಕೆರೆದಿತ್ತು.

"ಭಾವ, ಇದು ಖಾಲಿ ಜಾಗಕ್ಕೆ. ಜನ ಇದ್ದಲ್ಲಿ ಬಿಡ್ಬಾರ್ದು. ಬಿಟ್ಟ್ ಮೇಲೂ ಚೆನ್ನಾಗಿ ಗಾಳಿ ಆಡ್ಬೇಕು," ಎಂದೆ.

"ಹ್ವಾಯ್, ಕಾಲೇಜು! ಟಾಕೀಸಲ್ಲೂ ಹಾಂಗೇ ಮಾಡುದ್. ಬೆಳಿಗ್ಗೆ ಬಸ್ಸಿನ ಪರದೆ ಕಟ್ಟಿ ಬಿಡ್ತೆ, ಹೊರಡುಕ್ ಮುಂಚೆ ಬಿಚ್ತೆ. ಸಾಕಾ?"

ಸಾಕಿತ್ತು. ಅವರು ಹೇಳಿದ ಹಾಗೆಯೇ ಮಾಡಿದರು ಕೂಡ. ಬೆಳಗಿನ ಕಾಫಿಗೆ ಮುಂಚೆ ಖಾಲಿ ಬಸ್ಸಿನ ಎರಡು ಬದಿಯ ಕ್ಯಾನ್ವಾಸ್ ಪರದೆಗಳನ್ನು ಇಳಿಸಿ, ಹಗ್ಗ ಬಿಗಿದು, ಪೆಟ್ಟಿಗೆ ಹಚ್ಚಿ ಸ್ನಾನಕ್ಕೆ ಹೋದರು.

ಅಮ್ಮಮ್ಮ ಮಾತ್ರ ಬೆಳಗಿನಿಂದ ಬಿಸಿಲನ್ನೇ ಅಳೆಯುತ್ತಿದ್ದರು. ಅಂಗಳದ ನೆರಳು ತುಳಸಿಕಟ್ಟೆ ಮುಟ್ಟಿದರೆ ರಾಹುಕಾಲ. ಇತ್ತ ದೋಸೆ ಬೆಂದಿಲ್ಲ, ಭಾವನ ಸ್ನಾನ ಮುಗಿದಿಲ್ಲ, ಬಸ್ಸಿನ ಇದ್ದಿಲು ಹೊತ್ತಿಲ್ಲ. ಗಂಟು ಇಟ್ಟು ಅವರು ಒಮ್ಮೆ ಸೋತಿದ್ದರು. ಇನ್ನೊಮ್ಮೆ ಗಂಟನ್ನು ನಂಬಲು ಅವರು ತಯಾರಿರಲಿಲ್ಲ. ನಾನು ಒಳಗೆ ಅಕ್ಕನ ಪೆಟ್ಟಿಗೆಗೆ ಹಗ್ಗ ಸುತ್ತುತ್ತಿದ್ದಾಗ ಅವರು ಅಕ್ಕನ ಕೈ ಹಿಡಿದು ಅಂಗಳ ದಾಟಿಸಿ, ಪರದೆಯ ಒಂದು ಮೂಲೆ ಸಡಿಲಿಸಿ, ಅವಳನ್ನು ಬಸ್ಸು ಹತ್ತಿಸಿ ಹಿಂದಿನ ಸೀಟಿನಲ್ಲಿ ಕೂರಿಸಿದರು. ಈ ಸಲ ಹೆಣ್ಣೇ ಪ್ರಸ್ಥಾನ. ಹೊರಟ ಬಸುರಿಯ ಮೇಲೆ ಯಾರ ಕಣ್ಣೂ ಬೀಳಬಾರದೆಂದು ಒಳಗಿನಿಂದ ಪರದೆಯನ್ನು ಮತ್ತೆ ಬಿಗಿದು ಪಕ್ಕದಲ್ಲಿ ತಾವೂ ಕೂತರು. ಪೆಟ್ಟಿಗೆ ಜುಂಯ್‌ಗುಡುತ್ತಲೇ ಇತ್ತು. ಕಡಲ ಗಾಳಿಯ ಸತ್ವ ಅಲ್ಲವೇ, ಬಸುರಿಗೆ ಒಳ್ಳೆಯದೇ ಎಂದು ಅವರಿಗೆ ಅನ್ನಿಸಿತಂತೆ. ಮೀನಿನ ವಾಸನೆಯೂ ಇರಲಿಲ್ಲ. ಮೊದಲು ತಾಗಿದ ಚುರುಕು ವಾಸನೆಗೂ ಮೂಗು ಸ್ವಲ್ಪದರಲ್ಲೇ ಮರಗಟ್ಟಿ, ಯಾವ ವಾಸನೆಯೂ ಇರಲಿಲ್ಲ.

ಇಷ್ಟೇ ಆಗಿದ್ದರೆ ಇಬ್ಬರೂ ಕೆಮ್ಮುತ್ತಾ ಇಳಿದು ಬರುತ್ತಿದ್ದರೋ ಏನೋ. ಅಷ್ಟರಲ್ಲಿ ಗಂಗೊಳ್ಳಿಯ ಡ್ರೈವರ್ ಬಂದ. ಯುದ್ಧದಿಂದ ಪೆಟ್ರೋಲು ಸಿಗದೆ, ಬಸ್ಸಿನ ಹಿಂಬದಿಗೆ ಒಂದು ಆಳೆತ್ತರದ ಉಕ್ಕಿನ ಡ್ರಮ್ಮು ಕಟ್ಟಿದ್ದರು. ಅದರಲ್ಲಿ ಇದ್ದಿಲು ಉರಿಸಿ, ಹೊರಡುವ ಅನಿಲದಿಂದ ಇಂಜಿನ್ ಓಡಿಸುವುದು. ಹೊತ್ತಿಸುವಾಗ ಬೆಂಕಿಗೆ ಗಾಳಿ ಊದುವ ಕೈ ತಿದಿಯನ್ನು ಬಹಳ ಹೊತ್ತು ತಿರುಗಿಸಬೇಕು, ಮೊದಮೊದಲು ಬರುವ ಅನಿಲವನ್ನು ಒಂದು ಕೊಳವೆಯಿಂದ ಹೊರಗೆ ಬಿಡಬೇಕು. ಪರದೆ ಕಟ್ಟಿದ ಬಸ್ಸು ಖಾಲಿ ಎಂದೇ ಅವನು ತಿಳಿದ. ಹಾಡು ಗುನುಗುತ್ತಾ ತಿದಿ ತಿರುಗಿಸತೊಡಗಿದ. ಬಸ್ಸಿನ ಹಿಂಭಾಗ ಪಾಗಾರದ ಕಲ್ಲಿನಿಂದ ಒಂದಾಳು ನಿಲ್ಲುವಷ್ಟು ಜಾಗ ಬಿಟ್ಟು ನಿಂತಿತ್ತು. ಕೊಳವೆಯಿಂದ ಹೊರಟ ಅನಿಲ ಗೋಡೆಗೆ ಬಡಿದು ಬಸ್ಸಿನಡಿಗೆ ತಿರುಗಿ, ಬಿರುಕುಬಿಟ್ಟ ಹಲಗೆಗಳ ಸಂದಿನಿಂದ ಒಳಗೆ ಏರುತ್ತಿತ್ತು.

ನಾನು ಅಕ್ಕನನ್ನು ಹುಡುಕುತ್ತಾ ಜಗಲಿಗೆ ಬಂದಾಗ ದೊಡ್ಡ ಭಾವ ಒದ್ದೆ ತಲೆಯಲ್ಲಿ ನಿಂತಿದ್ದರು.

"ಅಕ್ಕ ಎಲ್ಲಿ?"

"ಒಳ್ಗ್ ಇಲ್ಯಾ? ಅಮ್ಮಮ್ಮನೂ ಕಾಂತಿಲ್ಲೆ."

ಅಂಗಳದಲ್ಲಿ ಅಕ್ಕನ ಚಪ್ಪಲಿಗಳು ಬಸ್ಸಿನ ಮೆಟ್ಟಿಲ ಕೆಳಗೆ ಜೋಡಿಸಿಟ್ಟ ಹಾಗೆ ಇದ್ದವು. ಪಕ್ಕದಲ್ಲಿ ಅಮ್ಮಮ್ಮನ ಊರುಗೋಲು. ಆ ಎರಡನ್ನು ನೋಡಿದ ಕ್ಷಣ ಈಗಲೂ ನನ್ನ ಮುಂದೆ ಬರುತ್ತದೆ. ಕೆಲವು ಸಲ ಅಡುಗೆ ಮಾಡುತ್ತಿರುವಾಗ, ಕೆಲವು ಸಲ ಯಾರೊಂದಿಗೋ ನಗುತ್ತಿರುವಾಗಲೂ. ಪ್ರತಿ ಸಲವೂ ನಾನು ಓಡುವುದು ತಡವಾದ ಹಾಗೆ ಅನಿಸುತ್ತದೆ. ನಿಜವಾಗಿ ತಡವಾಗಲಿಲ್ಲ. ಓಡಿದೆ.

"ತಿದಿ ನಿಲ್ಸಿ! ಒಳಗೆ ಜನ ಇದ್ದಾರೆ!"

ಡ್ರೈವರನ ಕೈ ನಿಂತಿತು. ನಾನು ಮೊದಲು ಮುಂಭಾಗಕ್ಕೆ ಹೋಗಿ ಬ್ಯಾಟರಿಯ ತಂತಿಯನ್ನು ಕಿತ್ತೆ. ಜುಂಯ್ ಎನ್ನುವುದು ನಿಂತಿತು. ಪರದೆಯ ಹಗ್ಗ ಕೈಗೆ ಬಗ್ಗಲಿಲ್ಲ. ತೆಂಗಿನಕಾಯಿ ಸುಲಿಯುವ ಕಡೆ ಇದ್ದ ಕತ್ತಿಯನ್ನು ಭಾವ ಎಸೆದರು, ಅದರಿಂದ ಕ್ಯಾನ್ವಾಸನ್ನೇ ಮೇಲಿನಿಂದ ಕೆಳಗೆ ಸೀಳಿದೆ. ಒಂದಲ್ಲ, ಆ ಬದಿಯ ಎಲ್ಲವನ್ನೂ. ಇನ್ನೊಂದು ಬದಿಯನ್ನು ಡ್ರೈವರ್ ಬಿಚ್ಚಿ ಎಳೆದ.

ಅಮ್ಮಮ್ಮನ ತಲೆ ಕಂಬಕ್ಕೆ ಒರಗಿತ್ತು. ಬಾಯಿ ತುಸು ತೆರೆದಿತ್ತು. ಅಕ್ಕ ಎಚ್ಚರವಾಗಿದ್ದಳು, ಆದರೆ ನನ್ನನ್ನು ನೋಡಿ ಗುರುತು ಹಿಡಿಯಲು ಹೊತ್ತು ಬೇಕಾಯಿತು.

"ತಲೆ ಸಿಡಿತಿತ್ತ್," ಎಂದಳು. "ನಿದ್ರಿ ಬತ್ತ್."

ಮೇಷ್ಟ್ರು ಹೇಳಿದ್ದು ನನ್ನ ಕಿವಿಯಲ್ಲಿ ಕೇಳುತ್ತಿತ್ತು: ಇದ್ದಿಲಿನ ಅನಿಲ ಮೊದಲು ತಲೆನೋವು ತರುತ್ತದೆ, ಆಮೇಲೆ ನಿದ್ದೆ. ಹೊಗೆಯ ಕಮಟು ಬಂದಿದ್ದರೆ ಇಬ್ಬರಿಗೂ ಗೊತ್ತಾಗುತ್ತಿತ್ತು. ಓಝೋನು ಮೂಗನ್ನು ಮಂಕು ಮಾಡಿತ್ತು. ಇನ್ನೊಂದು ವಿಷಯ ಹೊಳೆದದ್ದು ಆಮೇಲೆ: ಆ ಅನಿಲ ಹೊತ್ತಿಕೊಳ್ಳುವಂಥದ್ದು, ಆ ಪೆಟ್ಟಿಗೆ ಕಿಡಿಯಿಂದಲೇ ನಡೆಯುವಂಥದ್ದು.

ಭಾವ ಅಮ್ಮಮ್ಮನನ್ನು ಎತ್ತಿಕೊಂಡು ಜಗಲಿಗೆ ಒಯ್ದರು. ನಾನು ಅಕ್ಕನ ತೋಳು ಹಿಡಿದು ಎಳೆದೆ. ಅವಳು ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದಿದ್ದಳು.

"ಇಳೂದಿಲ್ಲೆ."

"ಅಕ್ಕ, ಇಲ್ಲಿ ಕೂತರೆ ಸಾಯ್ತಿ."

"ಇಳ್ದ್ರೆ ಇದೂ ಹೋತ್ತ್." ಅವಳ ಕೈ ಹೊಟ್ಟೆಯ ಕಡೆ ಹೋಗಿ ಮತ್ತೆ ಕಂಬಿಗೆ ಬಂತು. "ಹೊರಟಾಯ್ತ್. ಹಿಂದ್ ಬಪ್ಪುಕಿಲ್ಲೆ. ನೀನ್ ಎಂತ ಹೇಳ್ರೂ ಇಳೂದಿಲ್ಲೆ, ಹೆಣೆ."

ವಾದ ಮಾಡುವ ಹೊತ್ತಲ್ಲ ಅದು. ಅವಳ ಕೈ ಬಿಡಿಸುವ ಶಕ್ತಿ ನನಗಿರಲಿಲ್ಲ; ಬಿಡಿಸಿದರೂ, ಮುಂದೆ ಏನೇ ಆದರೂ ಅವಳು ಅದನ್ನು ಆ ಇಳಿಕೆಯ ಮೇಲೆಯೇ ಹಾಕುವವಳು. ಎರಡೂ ಬದಿಯ ಪರದೆ ಹೋಗಿತ್ತು, ಆದರೆ ಅಂಗಳದಲ್ಲಿ ಎಲೆ ಅಲುಗುವಷ್ಟೂ ಗಾಳಿಯಿರಲಿಲ್ಲ. ಗೇಟಿನಾಚೆ ದರೆಯ ಇಳಿಜಾರು ಇಳಿದರೆ ರಸ್ತೆ. ರಸ್ತೆಯ ಒಂದು ಮಗ್ಗುಲಿಗೆ ಹೊಳೆ, ಇನ್ನೊಂದಕ್ಕೆ ಕಡಲು.

"ಹೊರಟಾಯ್ತು ಅಂತಾದ್ರೆ ಹೋಪ," ಎಂದೆ. "ಭಾವ, ದೂಡಿ. ಎಲ್ಲರೂ ದೂಡಿ."

"ಇಂಜಿನ್ ಇಲ್ದೆಯಾ? ಎಂತ ಮರ್ಲಾ ನಿಂಗೆ?"

"ಇಂಜಿನ್ ಇಲ್ದೆಯೇ!"

ಡ್ರೈವರ್ ಡ್ರಮ್ಮಿನ ಬಾಯಿ ಮುಚ್ಚಿ, ಸ್ಟೀರಿಂಗ್ ಹಿಡಿಯಲು ಹತ್ತಿದ. ಭಾವ ಒದ್ದೆ ಪಂಚೆಯನ್ನು ಎತ್ತಿ ಕಟ್ಟಿದರು. ಗದ್ದೆಗೆ ಹೊರಟಿದ್ದ ಮೂರ್ನಾಲ್ಕು ಜನ ಬೊಬ್ಬೆ ಕೇಳಿ ಓಡಿಬಂದರು. "ಹ್ವಾಯ್, ಬಸ್ಸಿಗೆ ಕೋಣ ಕಟ್ಟೂದಲ್ದಾ?" ಎಂದ ಒಬ್ಬ. ಅಕ್ಕನ ಮುಖ ಕಂಡು ಬಾಯಿ ಮುಚ್ಚಿ ಹೆಗಲು ಕೊಟ್ಟ. ಡ್ರಮ್ಮು ಸುಡುತ್ತಿದ್ದುದರಿಂದ ಹಿಂದಿನಿಂದ ದೂಡಲು ಬರುತ್ತಿರಲಿಲ್ಲ; ಬದಿಯ ಕಂಬಗಳನ್ನು ಹಿಡಿದೇ ದೂಡಬೇಕು. ಮೊದಲ ಸಲ ಬಸ್ಸು ಅಲುಗಲಿಲ್ಲ. ಎರಡನೆಯ ಸಲ ಕುಲುಕಿ ಹಿಂದೆ ಸರಿಯಿತು. ನನ್ನ ಸೀರೆಯ ಸೆರಗು ಎಲ್ಲೋ ಸಿಕ್ಕಿ ಹರಿಯಿತು. ಮೂರನೆಯ ಸಲ ಚಕ್ರ ಗೇಟಿನ ಕಲ್ಲು ದಾಟಿತು, ಆಮೇಲೆ ಇಳಿಜಾರೇ ಅದನ್ನು ಎಳೆದುಕೊಂಡಿತು.

ರಸ್ತೆಗೆ ಬಿದ್ದೊಡನೆ ಕಡಲಿನ ಗಾಳಿ ಬಸ್ಸಿನ ಈ ಬದಿಯಿಂದ ಹೊಕ್ಕು ಆ ಬದಿಯಿಂದ ಹೊಳೆಗೆ ಹಾದುಹೋಯಿತು. ಸೀಳಿದ ಕ್ಯಾನ್ವಾಸು ಪಟಪಟ ಹೊಡೆದುಕೊಂಡಿತು. ಡ್ರೈವರ್ ಬ್ರೇಕು ಒತ್ತಿದ. ಅಕ್ಕ ಕಂಬಿಯ ಮೇಲಿಂದ ಬಾಗಿ ವಾಂತಿ ಮಾಡಿದಳು, ಅತ್ತಳು, ಮತ್ತೆ ಉಸಿರೆಳೆದಳು. ನಾನು ಅವಳ ಬೆನ್ನು ಹಿಡಿದುಕೊಂಡು, "ಎಳಿ. ಇನ್ನೂ ಎಳಿ," ಎನ್ನುತ್ತಲೇ ಇದ್ದೆ.

ಅಮ್ಮಮ್ಮನಿಗೆ ಜಗಲಿಯಲ್ಲಿ ಎಚ್ಚರವಾಗಿತ್ತು. ಇಬ್ಬರ ಹೆಗಲು ಹಿಡಿದು ರಸ್ತೆಯ ತನಕ ಬಂದೇಬಿಟ್ಟರು. ಬಸ್ಸು ನಿಂತ ಜಾಗವನ್ನೂ ಬಿಟ್ಟುಬಂದ ಗೇಟನ್ನೂ ಕಣ್ಣು ಕಿರಿದು ಮಾಡಿ ನೋಡಿದರು. ನಾನು ಹೇಳಿದ್ದರೆ ಅಕ್ಕ ನಂಬುತ್ತಿರಲಿಲ್ಲ.

"ಹೊರಟಾಯ್ತ್ ಮಗಾ," ಎಂದರು. "ಗಡಿ ದಾಟಿತ್ತ್. ಇನ್ನ್ ಇಳೀಲಕ್ಕ್."

ಅಕ್ಕ ಕಂಬಿ ಬಿಟ್ಟಳು.

ಹೊಳೆಯ ಬದಿಯ ತೆಂಗಿನ ಬುಡದಲ್ಲಿ ಅವಳನ್ನು ಮಲಗಿಸಿದೆವು. ತಲೆನೋವು ಕಡಿಮೆಯಾಗುತ್ತಾ ಬಂತು. ಆದರೆ ನಾವು ಕಾಯುತ್ತಿದ್ದುದು ಅದಕ್ಕಲ್ಲ. ಬೆಳಿಗ್ಗೆಯಿಂದ ಕೂಸು ಒಳಗೆ ಅಲುಗಿಲ್ಲ ಎಂದು ಅವಳು ಹೇಳಿದ್ದಳು. ಅಮ್ಮಮ್ಮ ಅವಳ ಪಾದ ಉಜ್ಜುತ್ತಾ ಕೂತರು.

ದೊಡ್ಡ ಭಾವ ಮೆಲ್ಲನೆ ಬಂದರು. "ಇದ್ದಿಲ್ ಹೊತ್ತಿಸ್ಲಾ? ಪರ್ದಿ ಹ್ಯಾಂಗೂ ಇಲ್ಲೆ, ಗಾಳಿ ಆಡ್ತಿತ್ತ್. ಕಡವಿಗ್ ಮುಟ್ಸ್ತೆ."

"ಬೇಡ ಭಾವ. ಅವಳು ಆ ಬಸ್ಸು ಹತ್ತುವುದಿಲ್ಲ."

"ಎಲ್ಲರ್ ಎದ್ರಿಗೆ ನನ್ ಬಸ್ಸಿಗೆ ಬಪ್ಪುದಿಲ್ಲೆ ಅಂದ್ರೆ…"

"ಅಂದೆ. ಈ ಹೊಳೆ ಗಂಗೊಳ್ಳಿಗೇ ಹೋಗುತ್ತದಲ್ಲ. ನಮಗೊಂದು ದೋಣಿ ಮಾಡಿಕೊಡಿ. ಮಾಡು ಹೊದೆಸಿದ್ದು ಬೇಡ, ಮೇಲೆ ಆಕಾಶ ಕಾಣುವಂಥದ್ದು."

ಅವರು ಅಕ್ಕನ ಕಡೆ ನೋಡಿ, ದೋಣಿಯವನನ್ನು ಕೂಗಲು ತಾವೇ ಹೋದರು. ಅವರು ಕೆಟ್ಟವರಲ್ಲ. ಅಕ್ಕನಿಗೆ ವಾಂತಿಯಾಗದಿರಲಿ ಎಂದೇ ಆ ಪೆಟ್ಟಿಗೆ ಹಚ್ಚಿದ್ದು.

ದೋಣಿ ದಡ ಬಿಟ್ಟು ನಡುಹೊಳೆಗೆ ಬಂದಾಗ ಅಕ್ಕ ತಟ್ಟನೆ ನನ್ನ ಮಣಿಕಟ್ಟು ಹಿಡಿದಳು. ನನ್ನ ಅಂಗೈಯನ್ನು ಪಕ್ಕೆಯ ಕೆಳಗೆ ಒತ್ತಿಕೊಂಡಳು. ಮೊದಲು ಅವಳ ಉಸಿರು ಮಾತ್ರ ತಿಳಿಯಿತು. ಆಮೇಲೆ ಒಳಗಿನಿಂದ ಒಂದು ಸಣ್ಣ ಗುದ್ದು. ಮತ್ತೊಂದು, ಸ್ವಲ್ಪ ಸಿಟ್ಟಿನಿಂದ ಎಂಬಂತೆ.

"ಎಂತಾ?" ಎಂದರು ಅಮ್ಮಮ್ಮ, ಎದುರಿನಿಂದ.

"ಒದಿತಿತ್ತ್," ಎಂದಳು ಅಕ್ಕ.

ಅಮ್ಮಮ್ಮ ನಂಬಲಿಲ್ಲ. ನನ್ನ ಕೈ ಸರಿಸಿ ತಮ್ಮ ಕೈ ಇಟ್ಟು ನೋಡಿದರು. ಗಂಗೊಳ್ಳಿಯ ಅಳಿವೆಬಾಯಿ ಬರುವ ತನಕ ಕೈ ತೆಗೆಯಲಿಲ್ಲ.